ನೆರಳಿನ ಕಡೆಯ ಕಿಟಕಿ

ಬಸ್ಸಿನಲ್ಲಿ ಯಾವ ಕಡೆ ಕೂರಬೇಕೆಂಬ ವಿಷಯದಲ್ಲಿ ನನ್ನಷ್ಟು ತಿಳಿದವರು ಔರಾದ ತಾಲ್ಲೂಕಿನಲ್ಲೇ ಇಲ್ಲ ಎಂದು ಈ ವಯಸ್ಸಿನವರೆಗೂ ನಂಬಿಕೊಂಡಿದ್ದೆ. ನಮ್ಮ ಸೀಮೆಯಲ್ಲಿ ಒಳ್ಳೆಯ ಸೀಟು ಎಂದರೆ ನೆರಳಿನ ಸೀಟು. ಔರಾದದಿಂದ ಬೀದರಿಗೆ ಬೆಳಿಗ್ಗೆ ಹೋಗುವಾಗ ಬಲಗಡೆ ಕೂರಬೇಕು. ಸಂಜೆ ಮರಳುವಾಗಲೂ ಬಲಗಡೆಯೇ. ಬೀದರಿನಿಂದ ಭಾಲ್ಕಿಗೆ ಬೆಳಿಗ್ಗೆ ಹೊರಟರೆ ಬಿಸಿಲು ಬೆನ್ನ ಹಿಂದೆ ಬರುತ್ತದೆ, ಎಲ್ಲಿ ಕೂತರೂ ನಡೆದೀತು. ಇಷ್ಟು ವಿದ್ಯೆಗೆ ಹೈಸ್ಕೂಲು ಸಾಕು. ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೂ ಇದನ್ನು ಅವರು ಕೇಳದಿದ್ದರೂ ಹೇಳಿಕೊಟ್ಟಿದ್ದೇನೆ. ಅವರೆಲ್ಲ ನನ್ನನ್ನು ಕ್ಷಮಿಸಲಿ.

ಬೆಂಗಳೂರಿನಲ್ಲಿ ನಾದಿನಿಯ ಮೊಮ್ಮಗಳ ಮದುವೆ. ನಾನು, ನನ್ನ ಹೆಂಡತಿ ಮಹಾನಂದಾ ಮೊದಲ ಸಲ ವಿಮಾನ ಹತ್ತುವುದೆಂದಾಯಿತು. ಅವಳ ತವರು ಬೀದರಿನ ಪಕ್ಕದ ಅಷ್ಟೂರ. ಅಲ್ಲಿಯ ಸುಲ್ತಾನರ ಗುಂಬಜುಗಳ ಸುತ್ತ ಕುರಿ ಕಾಯ್ದು ಬೆಳೆದವಳು. “ಮ್ಯಾಲಿಂದ ನಮ್ಮ ಅಷ್ಟೂರ ಒಂದ್ಸಲ ನೋಡಬೇಕ್ರಿ. ಅಣ್ಣ ಮಾಳಗಿ ಮ್ಯಾಲ ನಿಂತು ರುಮಾಲ ಬೀಸ್ತೇನಿ ಅಂದಾನ” ಎಂದಳು. ಇನ್ನೇನೂ ಕೇಳಲಿಲ್ಲ.

“ಸೀಟಿನ ಚಿಂತಿ ನನಗ ಬಿಡು” ಎಂದೆ.

ಟಿಕೆಟ್ ಅಂಗಡಿಯವನು, “ಕಾಕಾ, ಎಡಗಡಿ ಕಿಟಕಿ ಖಾಲಿ ಅದರಿ” ಎಂದ. “ಮುಂಜಾನಿ ದಕ್ಷಿಣಕ್ಕ ಹೊಂಟ್ರ ಬಿಸಿಲು ಯಾ ಕಡಿ ಹೊಡಿತದ, ಗೊತ್ತದ ಏನು? ಬಲಗಡಿ ಕೊಡು” ಎಂದು ಅವನ ಬಾಯಿ ಮುಚ್ಚಿಸಿದೆ.

ವಿಮಾನ ಬೀದರಿನ ನೆಲ ಬಿಟ್ಟು ಸ್ವಲ್ಪ ಏರಿತ್ತಷ್ಟೆ, ಎಡಗಡೆಯವರೆಲ್ಲ, “ಕಿಲ್ಲಾ ನೋಡ್ರಿ! ಅಗೋ ಅಷ್ಟೂರ ಗುಂಬಜ!” ಎಂದು ಕೂಗತೊಡಗಿದರು. ಅಷ್ಟೂರ ಬೀದರಿನ ಪೂರ್ವಕ್ಕಿದೆ ಎಂಬುದು, ಆ ಊರಿನ ಅಳಿಯನಾಗಿ ಮುದುಕನಾದ ನನಗೆ, ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ! ಬಿಸಿಲೊಂದನ್ನು ತಪ್ಪಿಸಲು ಹೋಗಿ ಇಡೀ ಊರನ್ನೇ ತಪ್ಪಿಸಿದ್ದೆ. ಇತ್ತ ಮಹಾನಂದಾ ಗಾಜಿಗೆ ಮೂಗು ಒತ್ತಿ, “ಎಲ್ಲಿ ಅದರಿ? ನನಗ್ಯಾಕ ಕಾಣವಲ್ದು?” ಎನ್ನುತ್ತಿದ್ದಳು. ಎದ್ದು ಆ ಕಡೆ ಹೋಗೋಣವೆಂದರೆ ಸೊಂಟಕ್ಕೆ ಪಟ್ಟಿ ಬಿಗಿದು ಕೂರಿಸಿದ್ದಾರೆ. ಕೆಳಗೆ ತೊಗರಿ ಹೊಲಗಳ ನಡುವೆ ಯಾವುದೋ ಊರಿನ ಎರಡು ಬಿಳಿಯ ನೀರಿನ ಟಾಕಿಗಳು ಕಂಡವು. “ಅಗೋ, ಅವೇ ಗುಂಬಜ” ಎಂದುಬಿಟ್ಟೆ. ನನ್ನ ಬಾಯಿಂದಲೇ ಬಂದ ಮಾತಿಗೆ ನಾನೇ ಬೆಚ್ಚಿದೆ. ಅವಳು ಒಂದು ಗಳಿಗೆ ನೋಡಿದಳು, ಆಮೇಲೆ ಕೈಮುಗಿದು ಸೆರಗಿನ ತುದಿ ಬೀಸಿದಳು.

ಬೆಂಗಳೂರಿನಲ್ಲಿ ಇಳಿದ ಕೂಡಲೇ ಅವಳ ಅಣ್ಣನ ಫೋನು. “ಕಾಣ್ತೇನವ್ವಾ? ಭುಜ ನೋವು ಬರೋತನಕ ಬೀಸೀನಿ!”

“ಬರೋಬ್ಬರಿ ಕಾಣ್ತು ಅಣ್ಣಾ. ರುಮಾಲ ಸುದ್ದಾ ಕಾಣ್ತು” ಎಂದಳು ಇವಳು.

ಬದುಕಿದೆ ಎಂದುಕೊಂಡೆ. ಅವಳು ಫೋನು ಚೀಲದೊಳಗಿಟ್ಟು ನನ್ನ ಕಡೆ ತಿರುಗಿದಳು. “ಗುಂಬಜದ ಬುಡಕ ಹುಟ್ಟಿದಾಕಿಗಿ ನೀರಿನ ಟಾಕಿ ತೋರಸ್ತೀರಲ್ಲ, ನಾಚಿಕಿ ಬರಲಿಲ್ಲೇನ್ರಿ?”

“ಮತ್ತ ಕೈ ಯಾಕ ಮುಗದಿ?”

“ಬಾಜೂ ಸೀಟಿನವರು ನಿಮ್ಮ ಮಾರಿನೇ ನೋಡ್ಲತ್ತಿದ್ರು.”

ಮರಳುವ ಟಿಕೆಟ್ಟನ್ನು ಮದುವೆ ಮನೆಯವರಿಗೆ ಹೇಳಿ ಅವಳೇ ತೆಗೆಸಿದ್ದಾಳೆ. ಅವಳದು ಕಿಟಕಿಯ ಸೀಟೆಂದು ನನಗೆ ಗೊತ್ತಾಗಿದೆ. ನನ್ನನ್ನು ಎಲ್ಲಿ ಕೂರಿಸಿದ್ದಾಳೆಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.