ತಗಡಿನ ಮೇಲಿನ ದೊಡ್ಡ ಯಜಮಾನರು

ಮನೆಗಳಿಗೆ ಸೀಲಿಂಗ್ ಹಾಕುವುದು ನನ್ನ ಕಸುಬು. ನೆಲದ ಮೇಲೆ ಕೆಲಸ ಮಾಡುವವರ ಕಥೆ ಬೇರೆ, ಏಣಿ ಹತ್ತಿದವನಿಗೆ ಏನಾದರೊಂದು ಗಂಟು ಬೀಳುತ್ತಲೇ ಇರುತ್ತದೆ. ಬಾಳೂರಿನ ಹತ್ತಿರ ಒಂದು ಎಸ್ಟೇಟ್ ಮನೆಯಲ್ಲಿ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬನೇ ಇರುವಾಗ ಮಾತ್ರ ನೆನೆಯುವುದಿಲ್ಲ.

೧. ಕೋಟು

ಆ ಅಡುಗೆಮನೆಗೆ ಹಳೇ ಹಲಗೆಯ ಸೀಲಿಂಗು. ಮಸಿ ಉದುರಿ ಸಾರಿಗೆ ಬೀಳುತ್ತದೆಂದು ಆ ಮನೆಯ ಅಜ್ಜಿಯ ಮಗ ನನ್ನನ್ನು ಕರೆಸಿದ್ದರು. ಹಲಗೆ ಕಿತ್ತು ಹೂವಿನ ಅಚ್ಚಿನ ತಗಡು ಹೊಡೆಯಬೇಕು. ಅಜ್ಜಿಗೆ ಮನಸ್ಸಿರಲಿಲ್ಲ.

"ಬಿಚ್ಚಬೇಡ ಮಾರಾಯ. ನಮ್ಮನೆಯವ್ರು ಮೇಲಿದಾರೆ" ಅಂದರು. ಅವರ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನಾನು ನಕ್ಕು ಎರಡು ಹಲಗೆ ಕಿತ್ತೆ. ತಲೆ ಒಳಗೆ ಹಾಕಿದರೆ ಕತ್ತಲಲ್ಲಿ ಯಾರೋ ನೇತಾಡುತ್ತಿದ್ದಾರೆ. ಎರಡು ಭುಜ, ಎರಡು ತೋಳು, ತಲೆ ಮಾತ್ರ ಇಲ್ಲ. ಏಣಿಗೆ ಎಂಟು ಮೆಟ್ಟಿಲು. ಒಂದನ್ನೂ ಮುಟ್ಟದೆ ಕೆಳಗೆ ಬಂದೆ.

ಮಗ ಟಾರ್ಚ್ ಬಿಟ್ಟು ನೋಡಿದರು. "ಅಪ್ಪನ ಉಣ್ಣೆ ಕೋಟು. ಮಳೆಗಾಲಕ್ಕೆ ಬೂಸ್ಟು ಹಿಡೀಬಾರ್ದು ಅಂತ ಅಮ್ಮ ಒಲೆ ಹೊಗೆಗೆ ಕಟ್ಟಿದಾರೆ."

ಅಜ್ಜಿ ನನ್ನ ಮಂಡಿಗೆ ಅರಿಶಿನ ಹಚ್ಚುತ್ತಾ ಕೇಳಿದರು, "ನಾ ಹೇಳಿರ್ಲಿಲ್ವಾ?"

೨. ಸದ್ದು

ತಗಡು ಹೊಡೆದಾಯಿತು. ಹೂವಿಗೆ ಹೂವು ಕೂಡಿಸಿ ಹೊಡೆದಿದ್ದೆ, ನನಗೇ ಹೆಮ್ಮೆಯಾಗಿತ್ತು. ಮರುದಿನ ಬೆಳಿಗ್ಗೆ ಅಜ್ಜಿ ಒಲೆ ಉರಿ ಮಾಡಿದ ಕೂಡಲೇ ಮೇಲಿನಿಂದ ಟಕ್, ಟಕ್. ಅಜ್ಜಿ ಸುಮ್ಮನೆ ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿ ಒಲೆಕಟ್ಟೆಯ ಮೇಲಿಟ್ಟು, ಕೊಳ್ಳಿ ಹೊರಗೆಳೆದರು. ಸದ್ದು ನಿಂತಿತು.

ಧೈರ್ಯ ತಂದುಕೊಂಡು, "ಅಮ್ಮಾ, ಶಾಖಕ್ಕೆ ತಗಡು ಸದ್ದು ಮಾಡ್ತದೆ. ಉರಿ ತೆಗೆದ್ರೆ ಸುಮ್ಮನಾಗ್ತದೆ" ಅಂದೆ.

"ಅವ್ರೂ ನಲವತ್ತು ವರ್ಷ ಕಾಫಿ ಕೊಟ್ಟ ಕೂಡ್ಲೆ ಸುಮ್ಮನಾಗ್ತಿದ್ರು. ಅವ್ರೇನು ತಗಡಾ?"

೩. ಎಡೆ

ಆ ವಾರವೇ ಹಿರಿಯರಿಗೆ ಎಡೆ ಇಡುವ ದಿನ. ಅಜ್ಜಿ ತೀರ್ಮಾನ ಹೇಳಿಬಿಟ್ಟಿದ್ದರು: "ಅವ್ರು ಬಂದ ಸುಳಿವು ಸಿಕ್ಕಿದ್ರೆ ತಗಡು ಇರ್ಲಿ. ಇಲ್ಲಾಂದ್ರೆ ಅಷ್ಟೂ ಬಿಚ್ಚಿ ನನ್ನ ಹಲಗೆ ಹಾಕು." ಅಜ್ಜಿಯ ಮಾತು ಮೀರುವ ಗಂಡಸು ಆ ಮನೆಯಲ್ಲಿ ಇರಲಿಲ್ಲ.

ಎಡೆಯ ದಿನ ಮಧ್ಯಾಹ್ನ ಮೂಲೆಯ ತಗಡೊಂದು ಸಡಿಲವಾಗಿದೆಯೆಂದು ಉಗ್ರಾಣದ ಏಣಿಯಿಂದ ಯಾರಿಗೂ ಹೇಳದೆ ಅಟ್ಟ ಹತ್ತಿದೆ. ಅಷ್ಟರಲ್ಲಿ ಕೆಳಗೆ ಬಾಳೆಲೆ ಹಾಸಿ ಕಡುಬು, ಕೋಳಿಸಾರು ಬಡಿಸಿ ಬಾಗಿಲು ಹಾಕಿಯೇಬಿಟ್ಟರು. ಹಿರಿಯರು ಉಣ್ಣುವಾಗ ಯಾರೂ ನೋಡುವಂತಿಲ್ಲ, ಉಸಿರೆತ್ತುವಂತಿಲ್ಲ. ನಾನು ಉಸಿರು ಬಿಗಿಹಿಡಿದು ತೊಲೆಯ ಮೇಲೆ ಕುಳಿತೆ. ತಗಡನ್ನು ಒಮ್ಮೆ ತಟ್ಟಿದರೆ ಸಾಕು, ನನ್ನ ಕೆಲಸ ಉಳಿಯುತ್ತದೆ. ಬೆರಳು ಮಡಚಿಯೂ ಮಡಚಿದೆ. ಆದರೆ ನನ್ನ ಮಂಡಿಗೆ ಅರಿಶಿನ ಹಚ್ಚಿದ ಮುದುಕಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ.

ಬಾಗಿಲು ತೆಗೆಯುವ ಮುಂಚೆ ಹಿರಿಯರಿಗೆ ತಿಳಿಯಲೆಂದು ಹೊರಗೆ ನಿಂತು ಕೆಮ್ಮುವುದು ಆ ಮನೆಯ ಪದ್ಧತಿ. ಅಜ್ಜಿ ಕೆಮ್ಮಿದರು.

ನನ್ನ ಬೆನ್ನ ಹಿಂದೆ, ಕತ್ತಲಲ್ಲಿ, ಇನ್ನೊಬ್ಬರು ಕೆಮ್ಮಿದರು.

ನಾನು ಹಾರಿಬಿದ್ದೆ. ತೊಲೆ ತಪ್ಪಿತು, ತಗಡು ಹರಿಯಿತು, ಎರಡೂ ಕಾಲು ಎಡೆಯ ಮೇಲೆ ಇಳಿಬಿದ್ದವು. ಬಾಗಿಲು ತೆರೆಯಿತು. ಮಗ "ಅಪ್ಪಾ, ತಪ್ಪಾಯ್ತು" ಎಂದು ನೆಲಕ್ಕೆ ಬಿದ್ದು ಕೈಮುಗಿದರು.

ಅಜ್ಜಿ ಕನ್ನಡಕ ಸರಿಮಾಡಿ ನೋಡಿದರು. "ಏಳೋ. ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಊಟಕ್ಕೆ ಬಂದವ್ರಲ್ಲ."

ನನ್ನನ್ನು ಇಳಿಸಿದರು. ಅಟ್ಟದಲ್ಲಿ ಹುಡುಕಿದರೆ ಯಾರೂ ಇಲ್ಲ.

"ನಿಜವಾಗ್ಲೂ ಕೆಮ್ಮಿದ್ರು ಅಮ್ಮಾ. ನನ್ನ ಹಿಂದೇನೇ."

ಅಜ್ಜಿಯ ಮುಖ ಅರಳಿತು. "ಹಂಗಾದ್ರೆ ಬಂದಿದ್ರು. ತಗಡು ಇರ್ಲಿ."

"ನನ್ನ ಮೇಲೆ ಸಿಟ್ಟಾ ಅವ್ರಿಗೆ?"

"ಮತ್ತೆ? ಉಣ್ಣೋಕೆ ಬರೋ ದಾರೀಲಿ ನೀನು ಅಡ್ಡ ಕೂತಿದ್ರೆ, ಕೆಮ್ಮದೆ ಇನ್ನೇನು ಮಾಡ್ತಾರೆ?"