ಕ್ರೀಮೋ ಐವರಿಯೋ

ಬಟ್ಟೆ ಅಂಗಡಿ ಇಟ್ಟವರಿಗೆ ಬಣ್ಣದ ವಿಷಯದಲ್ಲಿ ತಮ್ಮ ಕಣ್ಣೇ ಕಣ್ಣು ಎಂಬ ಸೊಕ್ಕು ತಾನಾಗಿ ಬಂದುಬಿಡುತ್ತದೆ. ಕಾಟ್ಟಿಕುಳಂನಲ್ಲಿ ಇಪ್ಪತ್ತು ವರ್ಷದಿಂದ ಸೀರೆ ಬಿಡಿಸಿ ಮಡಚುತ್ತಿರುವ ನನಗೂ ಬಂದಿತ್ತು. ಹಾಗಾಗಿ ಮನೆಯ ಹಾಲ್‌ಗೆ ಬಣ್ಣ ಆರಿಸುವ ಕೆಲಸ ನನ್ನದೇ ಎಂದುಕೊಂಡಿದ್ದೆ.

"ಇಡೀ ದಿನ ಆ ಗೋಡೆ ನೋಡ್ಕೊಂಡು ಇರೋಳು ನಾನು. ಕ್ರೀಮೇ ಆಗ್ಬೇಕು," ಎಂದಳು ಹೆಂಡತಿ ಸುಮಿತ್ರ. ನಾನು ಐವರಿ ಎಂದೆ. ನಿಜ ಹೇಳಬೇಕೆಂದರೆ ಎರಡೂ ಹಾಲಿಗೆ ಒಂದೆರಡು ಹನಿ ಚಹಾ ಬಿದ್ದಂಥ ಬಣ್ಣಗಳೇ. ಆದರೂ ಕ್ರೀಮೆಂದರೆ ಒಡೆದ ಹಾಲು ಎಂದು ನಾನು, ಐವರಿಯೆಂದರೆ ಆಸ್ಪತ್ರೆ ಎಂದು ಅವಳು, ಮೂರು ದಿನ ಅನ್ನ ಸಾರಿನ ನಡುವೆ ಇದೇ ಜಗಳ. ಬೇಸತ್ತ ಮಲಯಾಳಿ ಪೇಂಟರ್ ರಾಜನ್ ಗೋಡೆಯ ಮೇಲೆ ಎರಡನ್ನೂ ಅಂಗೈಯಗಲ ಬಳಿದು, ಕೆಳಗೆ ಹೆಸರಿನ ಚೀಟಿ ಅಂಟಿಸಿ, "ನಾಳೆ ಬೆಳಿಗ್ಗೆ ತೀರ್ಮಾನ ಪರಯಣಂ, ಹೇಳ್ಲೇಬೇಕು, ಚೇಟ್ಟಾ," ಎಂದು ಹೇಳಿ ಹೋದ.

ಎಡಗಡೆ ಐವರಿ. ಆಹಾ, ಏನು ಗಾಂಭೀರ್ಯ! ಬಲಗಡೆಯ ಕ್ರೀಮು ಅದರ ಮುಂದೆ ಸಪ್ಪೆ. ಸಂಜೆ ಸುಮಿತ್ರ, ಬಣ್ಣವನ್ನು ಬೆಳಿಗ್ಗೆ ಬೆಳಕಲ್ಲೇ ನೋಡುತ್ತೇನೆಂದು ಪಕ್ಕದ ಮನೆಗೆ ಹೋದಾಗ, ಹೇಳಲು ನಾಚಿಕೆ, ನಾನು ಚೀಟಿಗಳನ್ನು ಮೆಲ್ಲಗೆ ಕಿತ್ತು ಅದಲುಬದಲು ಮಾಡಿಬಿಟ್ಟೆ.

ಬೆಳಿಗ್ಗೆ ಅವಳು ಚೀಟಿ ಓದಿ ಎಡಗಡೆಗೇ ಬೆರಳು ತೋರಿಸಿದಳು. "ನೋಡಿ, ಬೆಳಕು ಬಿದ್ಮೇಲೆ ಕ್ರೀಮು ಎಷ್ಟು ಚಂದ!"

"ಆಯ್ತು ಮಾರಾಯ್ತಿ, ನಿನ್ನಿಷ್ಟ," ಎಂದು ತ್ಯಾಗಿಯ ಮುಖ ಮಾಡಿದೆ. ರಾಜನ್‌ಗೆ ಎಡಗಡೆಯದ್ದೇ ಬಳಿಯಲು ಹೇಳಿ, ಶಿಳ್ಳೆ ಹಾಕುತ್ತ ಅಂಗಡಿಗೆ ನಡೆದೆ.

ಎರಡು ದಿನದಲ್ಲಿ ಹಾಲ್ ಮುಗಿಯಿತು. ನಾನು ಗೋಡೆಯನ್ನು ನೋಡಿ ಶಿಳ್ಳೆ ಹಾಕುತ್ತ ಒಳಗೊಳಗೇ ಬೀಗುತ್ತಿದ್ದಾಗ ರಾಜನ್ ಕುಂಚ ತೊಳೆಯುತ್ತ ಗುಟ್ಟಾಗಿ ಹೇಳಿದ: "ಒಂದು ತಪ್ಪಾಗಿತ್ತು, ಚೇಟ್ಟಾ. ಅವತ್ತು ಅವಸರದಲ್ಲಿ ಚೀಟಿ ತಿರುಗುಮುರುಗು ಅಂಟಿಸಿಬಿಟ್ಟಿದ್ದೆ. ಮನೆಗೆ ಹೋದ್ಮೇಲೆ ನೆನಪಾಯ್ತು. ಬೆಳಿಗ್ಗೆ ಬಂದು ನೋಡಿದ್ರೆ ಸರಿಯಾಗಿತ್ತು. ಚೇಚಿ, ನಿಮ್ಮ ಮನೆಯವ್ರೇ ಸರಿಮಾಡಿದ್ದಲ್ವಾ? ಒಳ್ಳೇ ಕಣ್ಣು ಅವರದ್ದು!"

ನನ್ನ ಶಿಳ್ಳೆ ನಿಂತಿತು. ಅಂದರೆ ಐವರಿಯೆಂದು ನಾನು ಮನಸಾರೆ ಮೆಚ್ಚಿದ್ದು ಕ್ರೀಮನ್ನು. ಮೂರು ದಿನ ಒಡೆದ ಹಾಲೆಂದು ಬೈದದ್ದೂ ಅದನ್ನೇ. ಇದು ನಾನು ಆರಿಸಿದ ಬಣ್ಣ ಎನ್ನೋಣವೆಂದರೆ ಚೀಟಿಯ ಕಳ್ಳತನ ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಸುಮಿತ್ರ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗ್ಲಾದ್ರೂ ಬಾಯ್ಬಿಟ್ಟು ಹೇಳಿ. ಹೇಗಿದೆ ನನ್ನ ಕ್ರೀಮು?"

"ತುಂಬಾ ಚೆನ್ನಾಗಿದೆ," ಎಂದೆ. ಈ ಇಡೀ ವ್ಯವಹಾರದಲ್ಲಿ ನಾನು ಪ್ರಾಮಾಣಿಕವಾಗಿ ಆಡಿದ ಮಾತು ಅದೊಂದೇ. ಅವಳು ಮಾತ್ರ ಅದನ್ನು ನಂಬಲಿಲ್ಲ.