ನಾಲಿಗೆಗೆ ಕಡಿವಾಣ ಹಾಕಿದ ಬೆಳಿಗ್ಗೆ

ಕ್ರಿಯಾಪದವೊಂದನ್ನು ಸ್ವತಃ ಬದುಕಿ ನೋಡದೆ ಇಂಗ್ಲಿಷ್-ಕನ್ನಡ ನಿಘಂಟಿಗೆ ಸೇರಿಸುವ ಜಾಯಮಾನ ನನ್ನದಲ್ಲ! ಕೆಲಸವನ್ನು ನಾಳೆ ನಾಳೆ ಎಂದು ಮುಂದೂಡುವ 'ಪ್ರೊಕ್ರ್ಯಾಸ್ಟಿನೇಟ್' ಪದಕ್ಕೆ ಅರ್ಥ ಬರೆಯಲು ಎಂಟು ತಿಂಗಳು ತೆಗೆದುಕೊಂಡೆ. ಸಂಪಾದಕರು ಅದನ್ನು ಸೋಮಾರಿತನ ಎಂದರು, ನಾನು ಸಂಶೋಧನೆ ಎಂದೆ. ಆ ಸೋಮವಾರ ನನ್ನ ಪಾಲಿಗೆ ಬಂದದ್ದು 'ರಿಫ್ರೇನ್'.

"ಹಾಗಂದ್ರೆ?" ಎಂದಳು ಹೆಂಡತಿ, ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಾ. ಹದಿನಾಲ್ಕು ವರ್ಷದಿಂದ ನರ್ಸ್ ಆಗಿರುವ ಅವಳಿಗೆ ಅಂದು ಹತ್ತು ಗಂಟೆಗೆ ಹೆಡ್ ನರ್ಸ್ ಹುದ್ದೆಯ ಸಂದರ್ಶನ. ಆಗಲೇ ಎರಡು ಸಲ ಕೈತಪ್ಪಿದ ಹುದ್ದೆ ಅದು.

"ಮಾಡಬೇಕು ಅಂತ ಮನಸ್ಸು ಕುಣಿಯುವಾಗ ಮಾಡದೆ ತಡ್ಕೊಳ್ಳೋದು. ಲ್ಯಾಟಿನ್ ಮೂಲದಲ್ಲಿ ಕುದುರೆಗೆ ಕಡಿವಾಣ ಹಾಕೋದು! ಹಾಡಿನ ಪಲ್ಲವಿಗೂ ಇಂಗ್ಲಿಷಲ್ಲಿ ಇದೇ ಹೆಸರು, ಆದ್ರೆ ಅದರ ವಂಶ ಬೇರೆ."

"ನಿಮ್ಮ ಉಪದೇಶದಲ್ಲಿ ಪಲ್ಲವಿ ಮಾತ್ರ ಇದೆ, ಕಡಿವಾಣ ಇಲ್ಲ."

"ನೋಡ್ತಿರು! ಇವತ್ತು ಸಂಜೆವರೆಗೂ ಯಾರಿಗೂ ಒಂದೇ ಒಂದು ಸಲಹೆ ಕೊಡಲ್ಲ!"

"ಕೇಳೋಕೇ ಎಷ್ಟು ಚೆನ್ನಾಗಿದೆ!" ಎಂದು ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು.

ಕಾರಿಡಾರಿನಲ್ಲಿ ನನ್ನ ಮಾವ ನಿಂತಿದ್ದರು. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅಳಿಯನ ಪುಸ್ತಕಗಳಿಗೆಂದು ಆಳೆತ್ತರದ ಕಪಾಟು ಮಾಡಿಕೊಂಡು ಆಗಷ್ಟೇ ಬಂದಿದ್ದರು.

"ಅಳಿಯಂದ್ರೇ, ಈ ಬಾಗಿಲಿಗೆ ಅಡ್ಡ ನಿಲ್ಲಿಸಿಬಿಡ್ತೀನಿ. ಈ ರೂಮಿಗೆ ಹಾಲಿನಿಂದ ಇನ್ನೊಂದು ಬಾಗಿಲಿದೆಯಲ್ಲ."

ಇತ್ತು. ಆದರೆ ಹಾಲಿನಲ್ಲಿ ಪರದೆಯ ಹಿಂದೆ, ಅದೇ ಬಾಗಿಲಿಗೆ ಒರಗಿ, ನನ್ನ ನಿಘಂಟಿನ ಚೀಟಿಗಳ ಮೂವತ್ತೆರಡು ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟುವಂತೆ ನಿಂತಿದ್ದವು. ಕಿಟಕಿಗೆ ಕಬ್ಬಿಣದ ಸರಳು. ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದೆ. ಇದಲ್ಲವೇ ಅಗ್ನಿಪರೀಕ್ಷೆ! ಮಾವ ಕಪಾಟನ್ನು ಗೋಡೆಗೆ ಸೇರಿಸಿ ಒಂದೊಂದು ಸ್ಕ್ರೂ ಬಿಗಿದಾಗಲೂ ನನ್ನೊಳಗಿನ ಕುದುರೆ ಕೆನೆಯಿತು, ನಾನು ಕಡಿವಾಣ ಜಗ್ಗಿದೆ. ಐದನೆಯ ಸ್ಕ್ರೂ ತಲೆ ಸವೆದು ಅಲ್ಲೇ ಕೂತುಬಿಟ್ಟಿತು. ಆಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆಮ್ಮೆಯಿಂದ ಉಬ್ಬಿಹೋದೆ.

ಒಂಬತ್ತೂಕಾಲಿಗೆ ಕಪಾಟು ಮಾತನಾಡಿತು.

"ರೀ! ಬಾಗಿಲು ತೆಗೀರಿ!"

ಮಾವನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. "ಮಗಳು ಒಳಗಿದ್ದಾಳಾ?"

"ಇದ್ದಾಳೆ."

"ಆ ಕಡೆ ಬಾಗಿಲಿಂದ ಬರಲಿ."

"ಅದು ತೆಗೆಯೋಕಾಗಲ್ಲ. ಪೆಟ್ಟಿಗೆ ಇಟ್ಟಿದೀನಿ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ರಿಫ್ರೇನ್ ಮಾಡ್ತಿದ್ದೆ, ಮಾವ."

ಅವರು ನನ್ನನ್ನು ನೋಡಿದ ನೋಟಕ್ಕೆ ಯಾವ ನಿಘಂಟಿನಲ್ಲೂ ಪದವಿಲ್ಲ.

ತಲೆ ಸವೆದ ಸ್ಕ್ರೂ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇಬ್ಬರೂ ಹಾಲಿಗೆ ಓಡಿದೆವು. ಮಾವ ಮೇಲಿನಿಂದ ಒಂದೊಂದೇ ಪೆಟ್ಟಿಗೆ ಇಳಿಸತೊಡಗಿದರು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಕೆಳಗಿನದನ್ನೇ ಹಿಡಿದೆಳೆದೆ! 'ಎ' ಇಂದ 'ಕ್ಯೂ' ವರೆಗೆ ಜೋಡಿಸಿಟ್ಟಿದ್ದ ಹನ್ನೊಂದು ವರ್ಷದ ದುಡಿಮೆ ದಡಬಡ ಎಂದು ತಲೆಯ ಮೇಲೆ ಸುರಿಯಿತು. ಮಾವ ನನ್ನನ್ನೂ ಚೀಟಿಗಳನ್ನೂ ಒಟ್ಟಿಗೇ ಪಕ್ಕಕ್ಕೆ ಸರಿಸಿ, ಬಾಗಿಲು ತೆರೆದರು.

ಹೆಂಡತಿ ಹೊರಬಂದಾಗ ಹತ್ತಕ್ಕೆ ಐದೇ ನಿಮಿಷ ಬಾಕಿ. ಗಡಿಯಾರ ನೋಡಿ ಅವಳ ಕಣ್ಣು ತುಂಬಿತು. ಮೂರು ವಾರ ಅವಳು ಓದಿದ್ದನ್ನು ಕಂಡವನು ನಾನು. ಮಾವ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಅವಳು ಕೈಯಲ್ಲಿದ್ದ ದಪ್ಪ ಫೈಲನ್ನು ಎತ್ತಿದಳು, ನನ್ನ ತಲೆ ನೋಡಿದಳು, ಫೈಲನ್ನು ಇಳಿಸಿದಳು. ಆಸ್ಪತ್ರೆಗೆ ಹೊರಟುಹೋದಳು.

ಸಂಜೆ ಅವಳು ಬಂದಾಗ ನಾನಿನ್ನೂ ಚೀಟಿಗಳ ನಡುವೆಯೇ ಕುಳಿತಿದ್ದೆ. "ಏನಾಯ್ತು?" ಎಂದು ಕೇಳಿದೆ.

"ಅರ್ಧ ಗಂಟೆ ತಡ. ಯಾಕೆ ಅಂದ್ರು, ಹೇಳಿದೆ."

"ಎಲ್ಲಾ ಹೇಳಿದ್ಯಾ?"

"ಒಂದೂ ಬಿಡದೆ. ದೊಡ್ಡ ಡಾಕ್ಟರು ನಕ್ಕೂ ನಕ್ಕೂ ನೀರು ತರಿಸ್ಕೊಂಡ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ಹೊರಗೆ ಬಂದ್ಮೇಲೆ ಗಂಡನಿಗೆ ಏನು ಮಾಡಿದ್ರಿ?'"

"ನೀನು ಏನಂದೆ?"

"ಏನೂ ಮಾಡಲಿಲ್ಲ ಅಂದೆ. 'ಇಷ್ಟು ಸಂಯಮ ಈ ಆಸ್ಪತ್ರೆಯಲ್ಲಿ ಇನ್ಯಾರಿಗೂ ಇಲ್ಲ' ಅಂತ ಅಲ್ಲೇ ಹೆಡ್ ನರ್ಸ್ ಮಾಡಿಬಿಟ್ರು!"